ದೂರ ಕೇಳಿದರೆ ಹೊತ್ತು ಹೇಳುವವರು

ತಂಗಿಯ ಮನೆಗೆ ಹೊರಡುವ ಹಿಂದಿನ ದಿನ ಅಮ್ಮ ಫೋನಿನಲ್ಲಿ ಕೇಳಿದರು. "ಸಿಂಗಪುರದಿಂದ ನ್ಯೂಯಾರ್ಕಿಗೆ ಎಷ್ಟು ದೂರವೋ?"

"ಹದಿನೆಂಟೂ ಮುಕ್ಕಾಲು ಗಂಟೆ" ಎಂದೆ.

"ಹೊತ್ತು ಕೇಳಲಿಲ್ಲ, ದೂರ ಕೇಳಿದೆ."

ಅಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕಿಲೋಮೀಟರ್ ಕೇಳಿದ ಪ್ರಶ್ನೆಗೆ ಗಂಟೆ ಬರೆದು ಬಂದವರಿಗೆ ಅರ್ಧ ಅಂಕವನ್ನೂ ಕೊಟ್ಟವರಲ್ಲ. ಸುಮಾರು 15,345 ಕಿಲೋಮೀಟರ್ ಎಂದು ತಿದ್ದಿಕೊಂಡೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಭಾಗಾಕಾರ ನಡೆಯುತ್ತಿದೆ ಎಂದು ಗೊತ್ತಾಯಿತು.

"ಗಂಟೆಗೆ 818 ಬರುತ್ತದೆ. ವಿಮಾನ 900ರಲ್ಲಿ ಹಾರುತ್ತದೆ ಎಂದು ನೀನೇ ಹೇಳಿದ್ದೆ. ಉಳಿದ 82 ಎಲ್ಲಿ ಹೋಯಿತು?"

ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಈ ಬರಹ ಆ 82 ಕಿಲೋಮೀಟರಿನ ಲೆಕ್ಕ. ಒಪ್ಪಿಸುವುದಕ್ಕೆ ಸ್ವಲ್ಪ ತಡವಾಯಿತು.

ನನ್ನ ಮೊದಲ ಉತ್ತರವನ್ನು ಪೂರ್ತಿ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ದೂರವನ್ನು ಮೈಯಿಂದಲೋ ಹೊತ್ತಿನಿಂದಲೋ ಅಳೆಯುವುದು ಕನ್ನಡಕ್ಕೆ ಹೊಸದಲ್ಲ. ಕೂಗಿದರೆ ಕೇಳಿಸುವಷ್ಟಿದ್ದರೆ ಅದು ಕೂಗಳತೆ. ಎರಡು ಕೈ ಚಾಚಿದರೆ ಮಾರು, ಬೆರಳು ಅಗಲಿಸಿದರೆ ಗೇಣು. ಹರದಾರಿ, ಗಾವುದ ಎನ್ನುವ ಮಾತುಗಳ ಹಿಂದೆ ನಡೆದು ದಣಿದ ಕಾಲುಗಳಿವೆ. ಮೀಟರ್ ಬಂದ ಮೇಲೆ ದೂರಕ್ಕೂ ನಮ್ಮ ದಣಿವಿಗೂ ಸಂಬಂಧ ತಪ್ಪಿತು. ವಿಮಾನ ಬಂದ ಮೇಲೆ ಅದು ಮತ್ತೆ ಕೂಡಿಕೊಂಡಿತು. 15,345 ಕಿಲೋಮೀಟರ್ ಎಂದರೆ ಯಾರ ಸೊಂಟಕ್ಕೂ ಏನೂ ಅನ್ನಿಸುವುದಿಲ್ಲ. ಹದಿನೆಂಟೂ ಮುಕ್ಕಾಲು ಗಂಟೆ ಎಂದರೆ ತಕ್ಷಣ ಅನ್ನಿಸುತ್ತದೆ.

ಆದರೂ ಅಮ್ಮನ ಪ್ರಶ್ನೆ ದೂರದ್ದು. ಅಲ್ಲಿಂದಲೇ ಶುರು ಮಾಡಬೇಕು.

ಈ ಎರಡು ನಗರಗಳ ದೂರ ಅಳೆಯಲು ಗಣಕ ಬೇಡ, ಒಂದು ಚೀಟಿ ಸಾಕು. ಇದು ಬೇರೆ ಯಾವ ಜೋಡಿಗೂ ಸುಲಭವಾಗಿ ಸಿಗದ ಭಾಗ್ಯ. ಸಿಂಗಪುರದ ರೇಖಾಂಶ ಪೂರ್ವಕ್ಕೆ 104 ಡಿಗ್ರಿ, ನ್ಯೂಯಾರ್ಕಿನದು ಪಶ್ಚಿಮಕ್ಕೆ 74. ಕೂಡಿಸಿದರೆ 178. ಇನ್ನೆರಡು ಡಿಗ್ರಿ ಇದ್ದಿದ್ದರೆ ಸರಿಯಾಗಿ ಅರ್ಧ ಸುತ್ತು. ಅಂದರೆ ಒಂದು ನಗರ ಉತ್ತರ ಧ್ರುವದ ಈ ಬದಿಗಿದ್ದರೆ ಇನ್ನೊಂದು ನೇರ ಆ ಬದಿಗೆ. ಹತ್ತಿರದ ದಾರಿ ಬೇಕೆಂದರೆ ಸಿಂಗಪುರದಿಂದ ಬಡಗಲ ದಿಕ್ಕಿಗೆ ಮುಖ ಮಾಡಿ ನೆತ್ತಿಯ ತನಕ ಹತ್ತಿ, ಆ ಕಡೆ ಇಳಿಯಬೇಕು. ಸಿಂಗಪುರ ಭೂಮಧ್ಯರೇಖೆಯಿಂದ 1.4 ಡಿಗ್ರಿ ಮೇಲಿದೆ, ಆದ್ದರಿಂದ ಧ್ರುವಕ್ಕೆ 88.6. ನ್ಯೂಯಾರ್ಕಿನ ಅಕ್ಷಾಂಶ 40.6, ಧ್ರುವದಿಂದ ಅಲ್ಲಿಗೆ 49.4. ಒಟ್ಟು 138 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಎಂದರೆ ಸುಮಾರು 111.2 ಕಿಲೋಮೀಟರ್. ಗುಣಿಸಿದರೆ 15,345 ಚಿಲ್ಲರೆ.

ಹಡಗಿನವರು, ವಿಮಾನದವರು ಇನ್ನೂ ನಾಟಿಕಲ್ ಮೈಲಿಯನ್ನು ಬಿಡದೆ ಹಿಡಿದುಕೊಂಡಿರುವುದು ಹಟಕ್ಕಲ್ಲ ಎಂದು ಈ ಚೀಟಿ ಬರೆಯುವಾಗಲೇ ನನಗೆ ಅರ್ಥವಾದದ್ದು. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲೇ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. 138 ಡಿಗ್ರಿಯನ್ನು 60ರಿಂದ ಗುಣಿಸಿದರೆ 8,280 ಮೈಲಿ. ದೂರದ ಲೆಕ್ಕ ಅಷ್ಟರಲ್ಲೇ ಮುಗಿಯಿತು. ಕೊನೆಯ ಒಂದೆರಡು ಅಂಕಿಗಳು ಮಾತ್ರ ಲೆಕ್ಕ ಹಾಕುವವರನ್ನು ನೋಡಿ ಬದಲಾಗುತ್ತವೆ. ಭೂಮಿ ಚೆಂಡಿನಷ್ಟು ಗುಂಡಗಿಲ್ಲ. ನಡುವಿನಲ್ಲಿ ಅದರ ತ್ರಿಜ್ಯ 6,378 ಕಿಲೋಮೀಟರ್, ಧ್ರುವದ ಕಡೆ 6,357. ಕೆಲವರು ಈ 21 ಕಿಲೋಮೀಟರ್ ಚಪ್ಪಟೆಯನ್ನು ಲೆಕ್ಕಕ್ಕೆ ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ.

ಶಾಲೆಯ ಗೋಡೆಯ ಮೇಲಿನ ನಕ್ಷೆ ನೋಡಿ ಬೆಳೆದವರಿಗೆ ಈ ದಾರಿ ಹೊಳೆಯುವುದೇ ಇಲ್ಲ. 1569ರಲ್ಲಿ ಮರ್ಕೇಟರ್ ನಾವಿಕರಿಗೆಂದು ಮಾಡಿಕೊಟ್ಟ ಆ ನಕ್ಷೆಯಲ್ಲಿ ಧ್ರುವವೇ ಇಲ್ಲ. ಅದನ್ನು ತೋರಿಸಬೇಕಾದರೆ ಕಾಗದ ಅನಂತದವರೆಗೆ ಉದ್ದವಿರಬೇಕು. ದಿಕ್ಸೂಚಿ ಹಿಡಿದು ಒಂದೇ ದಿಕ್ಕಿಗೆ ಹೋಗುವವರಿಗೆ ಅದು ಬಹಳ ಉಪಕಾರಿ. ಹತ್ತಿರದ ದಾರಿ ಹುಡುಕುವವರಿಗೆ ಮಾತ್ರ ಅದು ಮೋಸ.

ಇನ್ನೊಂದು ಮೋಸ ನನ್ನದೇ. ಅಮ್ಮನಿಗೆ ಅಷ್ಟು ಧೈರ್ಯವಾಗಿ ಹೇಳಿದ 15,345 ಕಿಲೋಮೀಟರನ್ನು ಆ ವಿಮಾನ ಹಾರುವುದೇ ಇಲ್ಲ.

ಈ ಎರಡು ನಗರಗಳ ನಡುವೆ ನಿಲ್ಲದೆ ಹಾರುವ ಸೇವೆ ಮೊದಲು ಶುರುವಾದದ್ದು 2004ರಲ್ಲಿ. ನ್ಯೂಯಾರ್ಕಿನ ಪಕ್ಕದ ನ್ಯೂವರ್ಕ್ ನಿಲ್ದಾಣಕ್ಕೆ ಸಿಂಗಪುರ್ ಏರ್‌ಲೈನ್ಸ್ ನಾಲ್ಕು ಎಂಜಿನ್‌ಗಳ ಏರ್‌ಬಸ್ ಎ340-500 ಓಡಿಸಿತು. ಇಂಧನದ ಖರ್ಚು ತಾಳದೆ 2013ರಲ್ಲಿ ನಿಲ್ಲಿಸಿತು. ಎರಡೇ ಎಂಜಿನ್‌ಗಳ ಎ350-900 ವಿಮಾನದ ಅತಿದೂರದ ಮಾದರಿ ಬಂದ ಮೇಲೆ 2018ರ ಅಕ್ಟೋಬರಿನಲ್ಲಿ ಮತ್ತೆ ಶುರು ಮಾಡಿತು. 2020ರ ನವೆಂಬರಿನಿಂದ ಕೆನಡಿ ನಿಲ್ದಾಣಕ್ಕೂ ಹೋಗುತ್ತಿದೆ. 2018ರಲ್ಲಿ ಕಂಪನಿಯೇ ಹೇಳಿದ ದೂರ ಸುಮಾರು 16,700 ಕಿಲೋಮೀಟರ್. ಚೀಟಿಯ ಲೆಕ್ಕಕ್ಕೂ ಇದಕ್ಕೂ 1,300 ಕಿಲೋಮೀಟರಿಗಿಂತ ಹೆಚ್ಚು ವ್ಯತ್ಯಾಸ. ಹತ್ತಿರದ ದಾರಿ ಕಣ್ಣೆದುರೇ ಇರುವಾಗ ಇಷ್ಟು ಸುತ್ತಿಕೊಂಡು ಹೋಗುವುದು ಏಕೆ?

ಆ ರಾತ್ರಿ ನನ್ನ ಮುಂದಿನ ಪರದೆಯಲ್ಲಿ ಒಂದು ಪುಟ್ಟ ಬಿಳಿ ವಿಮಾನ ಉತ್ತರಕ್ಕೆ ಹೋಗದೆ ಈಶಾನ್ಯಕ್ಕೆ ತಿರುಗಿತು. ನಡುರಾತ್ರಿಯ ಹೊತ್ತಿಗೆ ಹೊರಟಿದ್ದೆವು. ಬೇರೆಯವರು ಸಿನಿಮಾ ಹುಡುಕುತ್ತಿದ್ದರು, ನಾನು ನಕ್ಷೆ ಬಿಟ್ಟು ಏಳಲಿಲ್ಲ. ಅದರಲ್ಲಿ ಒಂದರ ನಂತರ ಒಂದು ಅಂಕಿ ಬಂದು ಹೋಗುತ್ತದೆ: ಎತ್ತರ, ಹೊರಗಿನ ಉಷ್ಣಾಂಶ, ನೆಲಕ್ಕೆ ಹೋಲಿಸಿದ ವೇಗ, ಬೆನ್ನಗಾಳಿ. ಸಮಭಾಜಕದ ಹತ್ತಿರ ಇರುವಷ್ಟು ಹೊತ್ತು ವೇಗ 890, 900ರ ಆಸುಪಾಸಿನಲ್ಲಿತ್ತು. ಜಪಾನ್ ಹತ್ತಿರವಾದ ಹಾಗೆ 940 ಆಯಿತು. ಆಮೇಲೆ 980. ಒಮ್ಮೆ ಕಣ್ಣು ಮುಚ್ಚಿ ತೆರೆದಾಗ 1,010. ಎಂಜಿನ್ನಿನ ಸದ್ದು ಬದಲಾಗಿರಲಿಲ್ಲ, ಆಸನ ಅಲುಗಿರಲಿಲ್ಲ. ಪಕ್ಕದವರು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಹಿಂದಿನಿಂದ ಯಾರೋ ಕೈಯಿಟ್ಟು ತಳ್ಳಿದ ಹಾಗೆ ಗಂಟೆಗೆ ನೂರು ಕಿಲೋಮೀಟರ್ ಸೇರಿಕೊಂಡಿತ್ತು, ಒಳಗಿದ್ದ ಒಬ್ಬರಿಗೂ ಗೊತ್ತಿರಲಿಲ್ಲ.

ಈ ಗಾಳಿಯ ಕಥೆಯನ್ನು ನಾನು ಎಷ್ಟು ಸಲ ಹೇಳಿದರೂ ಬೇಸರಪಡುವುದಿಲ್ಲ, ಕೇಳುವವರು ಪಡುತ್ತಾರೆ. 1920ರ ದಶಕದಲ್ಲಿ ಜಪಾನಿನ ತಟೆನೊ ವೀಕ್ಷಣಾಲಯದಲ್ಲಿ ವಾಸಾಬುರೊ ಓಯಿಶಿ ಎಂಬ ಹವಾಮಾನ ತಜ್ಞ ಇದ್ದರು. ಬಲೂನು ಹಾರಿಬಿಟ್ಟು, ಅದು ಯಾವ ಕಡೆಗೆ ಎಷ್ಟು ಬೇಗ ಸರಿಯುತ್ತದೆ ಎಂದು ದೂರದರ್ಶಕದಲ್ಲಿ ನೋಡಿ ಬರೆದುಕೊಳ್ಳುವುದು ಅವರ ಕೆಲಸ. ಹೀಗೆ ನೂರಾರು ಬಲೂನುಗಳ ಹಿಂದೆ ಬಿದ್ದು, ಒಂಬತ್ತು ಹತ್ತು ಕಿಲೋಮೀಟರ್ ಎತ್ತರದಲ್ಲಿ ಚಳಿಗಾಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಂಟೆಗೆ 200 ಕಿಲೋಮೀಟರ್ ಮೀರಿ ಹರಿಯುವ ಗಾಳಿಯ ನದಿಯೊಂದನ್ನು ಕಂಡರು. ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ವರದಿ ಬರೆದರು. ಬರೆದ ಭಾಷೆ ಎಸ್ಪೆರಾಂಟೊ! ಎಲ್ಲ ದೇಶದವರಿಗೂ ಸಮಾನವಾದ ಭಾಷೆ ಎಂಬ ಸದುದ್ದೇಶ. ಆ ಭಾಷೆ ಯಾವ ದೇಶದ ನುಡಿಯೂ ಅಲ್ಲವಾದ್ದರಿಂದ ಓದಿದವರು ಬೆರಳೆಣಿಕೆಯಷ್ಟು. 1944ರಲ್ಲಿ ಅಮೆರಿಕದ ಬಿ-29 ಬಾಂಬರ್‌ಗಳು ಜಪಾನಿನ ಮೇಲೆ ಆ ಎತ್ತರಕ್ಕೆ ಬಂದಾಗ ಗುರಿಯಿಟ್ಟ ಬಾಂಬುಗಳು ಎಲ್ಲೆಲ್ಲಿಗೋ ಬಿದ್ದವು. ಎದುರುಗಾಳಿಗೆ ಸಿಕ್ಕ ವಿಮಾನಗಳು ನಿಂತಲ್ಲೇ ನಿಂತ ಹಾಗೆ ತೆವಳಿದವು. ಓಯಿಶಿ ಹದಿನೆಂಟು ವರ್ಷ ಮೊದಲೇ ಬರೆದಿಟ್ಟಿದ್ದನ್ನು ಅವರು ಹೀಗೆ ಕಲಿಯಬೇಕಾಯಿತು. ನನ್ನ ಪರದೆಯಲ್ಲಿ 1,010 ಎಂದು ಮೂಡಿದ್ದು ಅದೇ ಜಪಾನಿನ ಪೂರ್ವದ ಆಕಾಶದಲ್ಲಿ.

ಆಕಾಶದಲ್ಲಿ ಸುತ್ತುದಾರಿಯೇ ಬೇಗನೆ ತಲುಪಿಸುವುದು ಇದರಿಂದಲೇ. ಏರ್ ಇಂಡಿಯಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಕಡೆಯಿಂದ ಹಾರಿ ನೋಡಿತು. ದಾರಿ ಸುಮಾರು 1,400 ಕಿಲೋಮೀಟರ್ ಹೆಚ್ಚಾಯಿತು, ಪಯಣದ ಹೊತ್ತು ಎರಡು ಗಂಟೆಯಷ್ಟು ಕಡಿಮೆಯಾಯಿತು. 2020ರ ಫೆಬ್ರುವರಿಯಲ್ಲಿ ಕಿಯಾರಾ ಎಂಬ ಬಿರುಗಾಳಿಯ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಒಂದು ಜಂಬೊ ಜೆಟ್ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ಒಂದು ಹಂತದಲ್ಲಿ ಅದರ ವೇಗ ನೆಲಕ್ಕೆ ಹೋಲಿಸಿದರೆ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಅಂಕಿ ಮಾತ್ರ ನೋಡಿದರೆ ಶಬ್ದವನ್ನೂ ಹಿಂದೆ ಹಾಕಿದ ವೇಗ. ಆದರೆ ಸುತ್ತಲಿನ ಗಾಳಿಗೆ ಹೋಲಿಸಿದರೆ ಆ ವಿಮಾನ ಎಂದಿನ ಹಾಗೆಯೇ ಹಾರುತ್ತಿತ್ತು. ಓಡುತ್ತಿದ್ದದ್ದು ಗಾಳಿ.

ಹೋಗುವಾಗ ಗಾಳಿ ಕೊಟ್ಟದ್ದನ್ನು ಬರುವಾಗ ಕಿತ್ತುಕೊಳ್ಳುತ್ತದೆ, ಅಲ್ಲಿಗಲ್ಲಿಗೆ ಸರಿಹೋಗುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಅಮ್ಮನಿಗೆ ಲೆಕ್ಕ ಒಪ್ಪಿಸಬೇಕಿತ್ತಲ್ಲ, ನಕ್ಷೆಯ ಮುಂದೆ ಕುಳಿತು ಕಾಗದದ ಕರವಸ್ತ್ರದ ಮೇಲೆ ಬರೆದು ನೋಡಿದೆ. ಗಾಳಿಯೇ ಇಲ್ಲದಿದ್ದರೆ 15,345 ಕಿಲೋಮೀಟರಿಗೆ 900ರ ವೇಗದಲ್ಲಿ 17 ಗಂಟೆ 3 ನಿಮಿಷ, ಹೋಗಿ ಬರಲು 34 ಗಂಟೆ 6 ನಿಮಿಷ. ನೂರು ಕಿಲೋಮೀಟರಿನ ಗಾಳಿ ಬೆನ್ನಿಗಿದ್ದರೆ 15 ಗಂಟೆ 21 ನಿಮಿಷ, ಎದುರಿಗಿದ್ದರೆ 19 ಗಂಟೆ 11 ನಿಮಿಷ. ಒಟ್ಟು 34 ಗಂಟೆ 32 ನಿಮಿಷ. ಗಾಳಿ ಇಪ್ಪತ್ತಾರು ನಿಮಿಷ ತಿಂದು ಹಾಕಿತ್ತು. ಉಪಕಾರ ಮಾಡುವಾಗ ಬೇಗ ಮುಗಿಸುತ್ತದೆ, ಅಪಕಾರ ಮಾಡುವಾಗ ನಾವು ಅದರ ಕೈಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ. ಲೇವಾದೇವಿಯವರ ಲೆಕ್ಕದ ಹಾಗೆ.

ಕರವಸ್ತ್ರದಲ್ಲಿ ಜಾಗ ಉಳಿದಿತ್ತು. ಇಂಧನದ ಲೆಕ್ಕವನ್ನೂ ಮಾಡಿದೆ. ಈ ಮಾದರಿಯ ವಿಮಾನ 1,65,000 ಲೀಟರ್ ತುಂಬಿಸಿಕೊಳ್ಳಬಲ್ಲದು. ಲೀಟರಿಗೆ ಸುಮಾರು 800 ಗ್ರಾಂ ಹಿಡಿದರೆ 132 ಟನ್. ನೆಲ ಬಿಡುವಾಗ ಇಡೀ ವಿಮಾನದ ತೂಕ ಹೆಚ್ಚೆಂದರೆ 280 ಟನ್ ಇರಬಹುದು. ಹಾಗಾದರೆ ತೊಟ್ಟಿ ತುಂಬಿದ ದಿನ ತೂಕದ ಅರ್ಧದ ಹತ್ತಿರ ಬರೀ ಇಂಧನ. 161 ಆಸನಗಳಲ್ಲಿ ಕುಳಿತವರೆಲ್ಲರನ್ನೂ ಸೇರಿಸಿದರೂ ಅದರ ಹತ್ತರಲ್ಲಿ ಒಂದು ಪಾಲು ಆಗುತ್ತೇವೋ ಇಲ್ಲವೋ. ಮೊದಲ ಗಂಟೆಗಳಲ್ಲಿ ಸುಡುವ ಇಂಧನದ ದೊಡ್ಡ ಭಾಗ ಕೊನೆಯ ಗಂಟೆಗಳ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಬುತ್ತಿ ಹೊರಲು ಒಬ್ಬ ಆಳು, ಆ ಆಳಿಗೆ ಇನ್ನೊಂದು ಬುತ್ತಿ ಎನ್ನುವ ಹಾಗೆ. ಸುಟ್ಟು ಹಗುರಾದ ಹಾಗೆ ವಿಮಾನ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಶುರುವಿನಲ್ಲೇ ಅಷ್ಟು ಎತ್ತರಕ್ಕೆ ಹೋಗಲು ಅದಕ್ಕೆ ಆಗುವುದಿಲ್ಲ, ಮೈಭಾರ. ನಿದ್ದೆಯ ನಡುವೆ ಎಂಜಿನ್ನಿನ ಸದ್ದು ತುಸು ಏರಿ ಮತ್ತೆ ಇಳಿದದ್ದು ನಿಮಗೂ ಕೇಳಿಸಿರಬಹುದು. ಅದು ಆ ಮೆಟ್ಟಿಲಿರಬಹುದು.

ಧ್ರುವದ ದಾರಿ ಏಕೆ ಬೇಡವಾಯಿತು ಎನ್ನುವುದಕ್ಕೆ ಗಾಳಿ ಒಂದೇ ಕಾರಣವಲ್ಲ. ಅಲ್ಲಿನ ಚಳಿಗೆ ಇಂಧನವೇ ಹೆಪ್ಪುಗಟ್ಟುವ ಭಯವಿದೆ. ಜೆಟ್ ಎ ಎಂಬ ಇಂಧನದ ಮಿತಿ ಮೈನಸ್ 40 ಡಿಗ್ರಿ, ಜೆಟ್ ಎ-1ರದು ಮೈನಸ್ 47. ರೆಕ್ಕೆಯೊಳಗಿನ ಇಂಧನ ಆ ಮಿತಿಯ ಹತ್ತಿರಕ್ಕೆ ಇಳಿದರೆ ಪೈಲಟ್ ಕೆಳಗಿನ ಬೆಚ್ಚಗಿನ ಗಾಳಿಗೆ ಇಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಧ್ರುವದ ಮೇಲೆ ಹೋಗುವ ತಮ್ಮ ದೇಶದ ವಿಮಾನಗಳಲ್ಲಿ ಚಳಿಗೆ ತಡೆಯುವ ಎರಡು ದಪ್ಪ ಅಂಗಿಗಳು ಇರಲೇಬೇಕು ಎಂದು ಅಮೆರಿಕದ ನಿಯಮವಿದೆ. ಹಿಮದಲ್ಲಿ ಇಳಿಯಬೇಕಾಗಿ ಬಂದರೆ ಸಿಬ್ಬಂದಿ ಹೊರಗೆ ಹೋಗಿ ನೋಡುವುದಕ್ಕೆ. ಎರಡೇ. ಉಳಿದವರು ಒಳಗೆ ಕುಳಿತು ಕಾಯಬೇಕು.

ಮತ್ತೊಂದು ಕಾರಣ ಯಾವ ಭೂಗೋಳದ ಮೇಲೂ ಎತ್ತರವಾಗಿ ಕಾಣದ ಗೋಡೆ: ಗಡಿ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶ ಮುಚ್ಚಿದ್ದರಿಂದ ಯುರೋಪಿನಿಂದ ಟೋಕಿಯೊಗೆ ಹೋಗುವವರು ಅಲಾಸ್ಕಾದ ಆಂಕರೇಜಿನಲ್ಲಿ ಇಳಿದು ಹೋಗುತ್ತಿದ್ದರು. 1957ರಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕೋಪನ್‌ಹೇಗನ್ನಿನಿಂದ ಆ ದಾರಿ ತೆರೆಯಿತು. ಆಮೇಲೆ ಸೈಬೀರಿಯಾ ತೆರೆದುಕೊಂಡಿತು, ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತು ಚಿಲ್ಲರೆ ಗಂಟೆ ಸಾಕಾಯಿತು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಆಕಾಶ ಯುರೋಪಿನ ಕಂಪನಿಗಳಿಗೆ ಮತ್ತೆ ಮುಚ್ಚಿತು. ಅದೇ ಪಯಣ ಈಗ ಹದಿಮೂರು ಗಂಟೆಯ ಹತ್ತಿರ. ದೂರದ ಪಟ್ಟಿ ತೆರೆದು ನೋಡಿದರೆ ಹೆಲ್ಸಿಂಕಿ, ಟೋಕಿಯೊ ಎಂಬ ಸಾಲಿನ ಮುಂದೆ ಅವತ್ತಿನ 7,800 ಚಿಲ್ಲರೆ ಕಿಲೋಮೀಟರೇ ಇವತ್ತೂ ಇದೆ.

ಇಷ್ಟು ಹೊತ್ತಿಗೆ ಪರದೆಯ ನಕ್ಷೆಯಲ್ಲಿ ಬೆಳಗಾಗಿತ್ತು, ಕಿಟಕಿಯಲ್ಲೂ. ಸೂರ್ಯನ ಕಡೆಗೇ ಓಡುತ್ತಿದ್ದುದರಿಂದ ಆ ಬೆಳಗು ಅವಸರದ್ದು. ನಾವು ಹಗಲಿನೊಳಗೆ ನುಗ್ಗಿದೆವು, ಹಗಲು ಎದುರಿನಿಂದ ಬಂದು ಪಕ್ಕದಲ್ಲಿ ಹಾದುಹೋಯಿತು. ನಡುವೆ ಎಲ್ಲೋ ದಿನಾಂಕ ರೇಖೆ ದಾಟಿ ನಿನ್ನೆಗೆ ಬಂದೆವು. ನಿನ್ನೆಯ ಸಂಜೆ ಅಮೆರಿಕ ಖಂಡದ ಹತ್ತಿರ ಕತ್ತಲಾಯಿತು. ಏಳೆಂಟು ಗಂಟೆಯಲ್ಲಿ ಒಂದು ಇಡೀ ಹಗಲು ಮುಗಿಯಿತು. ಮತ್ತೆ ರಾತ್ರಿ. ಮತ್ತೆ, ಇಳಿಯುವ ಹೊತ್ತಿಗೆ, ಬೆಳಗು. ಎರಡನೆಯ ಸೂರ್ಯೋದಯದ ತಾರೀಖು ನೋಡಿದರೆ ಮೊದಲನೆಯದೇ.

ಎರಡು ಸೂರ್ಯೋದಯದ ಪಯಣಕ್ಕೆ ಹಿರಿಯಣ್ಣ ಒಂದಿದೆ. ಎರಡನೇ ಮಹಾಯುದ್ಧದಲ್ಲಿ, 1943ರಿಂದ 1945ರವರೆಗೆ, ಆಸ್ಟ್ರೇಲಿಯಾದ ಪರ್ತ್‌ನಿಂದ ಸಿಲೋನಿನ ಕೊಗ್ಗಲಕ್ಕೆ ಕ್ವಾಂಟಾಸ್ ಕಂಪನಿಯ ಕ್ಯಾಟಲಿನಾ ಎಂಬ ನೀರ್ವಿಮಾನಗಳು ಹಾರುತ್ತಿದ್ದವು. ದೂರ ಸುಮಾರು 5,600 ಕಿಲೋಮೀಟರ್, ನಮ್ಮ ದಾರಿಯ ಮೂರನೇ ಒಂದು ಪಾಲು. ಹಿಡಿಯುತ್ತಿದ್ದ ಹೊತ್ತು 27ರಿಂದ 32 ಗಂಟೆ. ಜಪಾನಿಯರ ಕಣ್ಣು ತಪ್ಪಿಸಲು ರೇಡಿಯೊ ಮುಚ್ಚಿಟ್ಟು, ನಕ್ಷತ್ರ ನೋಡಿಕೊಂಡು ಹೋಗುವುದು. ಇಂಧನದ ಭಾರಕ್ಕೆ ಮೂವರೇ ಪ್ರಯಾಣಿಕರು. ಅವರು ಒಂದೇ ಪಯಣದಲ್ಲಿ ಎರಡು ಸಲ ಸೂರ್ಯ ಹುಟ್ಟುವುದನ್ನು ನೋಡುತ್ತಿದ್ದರು, ಅದಕ್ಕೊಂದು ಪ್ರಮಾಣಪತ್ರವನ್ನೂ ಪಡೆಯುತ್ತಿದ್ದರು. ಅವರದು ನಿಧಾನದಿಂದ ಸಿಕ್ಕಿದ ಎರಡನೆಯ ಸೂರ್ಯೋದಯ, ನಮ್ಮದು ವೇಗದಿಂದ. ಪ್ರಮಾಣಪತ್ರಕ್ಕೆ ಅರ್ಹರು ಅವರೇ.

ಇಳಿದ ಮೇಲೆ ಕೈಗಡಿಯಾರ ಸರಿಮಾಡಿಕೊಳ್ಳಲು ಹೋದೆ. ಆರೂ ಮುಕ್ಕಾಲು. ನಿಲ್ದಾಣದ ಗಡಿಯಾರದಲ್ಲೂ ಆರೂ ಮುಕ್ಕಾಲು. ಬೇಸಿಗೆಯಲ್ಲಿ ಎರಡು ನಗರಗಳ ಅಂತರ ಸರಿಯಾಗಿ ಹನ್ನೆರಡು ಗಂಟೆ. ನನ್ನದು ಮುಳ್ಳಿನ ಗಡಿಯಾರ. ಅದಕ್ಕೆ ಸಂಜೆ, ಬೆಳಗು ಎಂಬ ಭೇದ ತಿಳಿಯದು. ಭೂಮಿಯ ಅರ್ಧ ಸುತ್ತು ಬಂದರೂ ತಿರುಗಿಸಬೇಕಾಗಿರಲಿಲ್ಲ. ತಿರುಗಬೇಕಾಗಿದ್ದದ್ದು ನನ್ನ ತಲೆ. ಅದು ಮುಂದೆ ಐದು ದಿನ ತಿರುಗುತ್ತಲೇ ಇತ್ತು.

ತಂಗಿಯ ಮಗಳಿಗೆ ಒಂಬತ್ತು ವರ್ಷ. ಅವಳ ಮೇಜಿನ ಮೇಲೆ 30 ಸೆಂಟಿಮೀಟರ್ ವ್ಯಾಸದ ಒಂದು ಭೂಗೋಳ. ಮಾವ ಬಂದ ದಾರಿ ತೋರಿಸು ಎಂದಳು. ಕೆಂಪು ನೂಲು ತಂದು ಮೊದಲು ಹತ್ತಿರದ ದಾರಿ ಎಳೆದೆವು. ಸಿಂಗಪುರದ ಮೇಲೆ ಅವಳ ಹೆಬ್ಬೆರಳು, ನ್ಯೂಯಾರ್ಕಿನ ಮೇಲೆ ನನ್ನದು. ಬಿಗಿಯಾಗಿ ಎಳೆದ ಕೂಡಲೇ ನೂಲು ತಾನಾಗಿ ಜಾರಿ ಧ್ರುವದ ಪಕ್ಕಕ್ಕೆ ಹೋಗಿ ನಿಂತಿತು. ಭೂಗೋಳದ ತಿರುಗುಣಿ ಅಲ್ಲಿ ಅಡ್ಡ ಬಂತು. ಅಳೆದರೆ 36 ಸೆಂಟಿಮೀಟರ್.

"ಮಾವ, ವಿಮಾನ ಎಷ್ಟು ಮೇಲೆ ಹೋಗುತ್ತದೆ? ಇದರಲ್ಲಿ ತೋರಿಸು."

ಹನ್ನೊಂದು ಕಿಲೋಮೀಟರ್ ಎತ್ತರ ಆ ಭೂಗೋಳದಲ್ಲಿ ಕಾಲು ಮಿಲಿಮೀಟರ್. ನೂಲನ್ನು ಬೆರಳ ನಡುವೆ ಹಿಡಿದು ನೋಡಿದೆ. ಅದರ ದಪ್ಪವೇ ಹೆಚ್ಚುಕಡಿಮೆ ಅಷ್ಟಿತ್ತು. ಮೋಡದ ಮೇಲೆ, ನಕ್ಷತ್ರದ ಸಮೀಪ ಎಂದೆಲ್ಲ ಅಂದುಕೊಂಡು ಕಳೆದ ಆ ಹದಿನೆಂಟು ಗಂಟೆಯನ್ನು ನಾನು ಕಳೆದದ್ದು ಒಂದು ನೂಲಿನ ದಪ್ಪದೊಳಗೆ. ಅಷ್ಟು ಎತ್ತರಕ್ಕೆ ಏರಿದ್ದರಿಂದ ದಾರಿ ಉದ್ದವಾದದ್ದು ಬರೀ 26 ಕಿಲೋಮೀಟರ್.

ಅವಳ ಮುಂದಿನ ಪ್ರಶ್ನೆ ನಾನೂ ಚಿಕ್ಕವನಿದ್ದಾಗ ಕೇಳಿದ್ದೇ. ಭೂಮಿ ಪೂರ್ವಕ್ಕೆ ತಿರುಗುತ್ತಿದೆಯಲ್ಲ, ಸುಮ್ಮನೆ ಮೇಲೆ ಹೋಗಿ ನಿಂತರೆ ನ್ಯೂಯಾರ್ಕ್ ತಾನೇ ಕೆಳಗೆ ಬರುವುದಿಲ್ಲವೇ? ಬರುವುದಿಲ್ಲ, ಏಕೆಂದರೆ ಭೂಮಿ ತನ್ನ ಗಾಳಿಯನ್ನು ಹೊದ್ದುಕೊಂಡೇ ತಿರುಗುತ್ತದೆ, ನಿಂತವರೂ ಆ ಹೊದಿಕೆಯ ಜೊತೆಗೇ ಹೋಗುತ್ತಾರೆ. ಹಾಗೆಂದು ತಿರುಗುವಿಕೆಗೆ ಪಾತ್ರವೇ ಇಲ್ಲವೆಂದಲ್ಲ. ಸಮಭಾಜಕದ ಬಿಸಿ ಗಾಳಿ ಧ್ರುವದ ಕಡೆ ಹೊರಟಾಗ ಅದನ್ನು ಪೂರ್ವಕ್ಕೆ ಬಾಗಿಸಿ ಆ ಗಾಳಿಯ ನದಿಯನ್ನು ಮಾಡುವುದು ಈ ತಿರುಗುವಿಕೆಯೇ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅವಳು ನೂಲಿನ ಇನ್ನೊಂದು ತುದಿ ಹಿಡಿದು ಜಪಾನಿನ ಪಕ್ಕ, ಪೆಸಿಫಿಕ್‌ನ ಮೇಲೆ, ಕೆನಡಾ ದಾಟಿ ನಾನು ನಿಜವಾಗಿ ಬಂದ ದಾರಿಯನ್ನು ಅಂಟಿಸುತ್ತಿದ್ದಳು.

ಎರಡು ವಾರದ ಮೇಲೆ ವಾಪಸು ಹೊರಟಾಗ ಬಂದ ದಾರಿಯಲ್ಲೇ ಹಿಂದಿರುಗುತ್ತೇವೆ ಎಂದುಕೊಂಡಿದ್ದೆ. ಪರದೆಯ ಪುಟ್ಟ ವಿಮಾನ ಅಟ್ಲಾಂಟಿಕ್ ಕಡೆಗೆ ಮೂಗು ತಿರುಗಿಸಿತು. ಬಂದಿದ್ದೂ ಪೂರ್ವಕ್ಕೆ, ಹೋಗುವುದೂ ಪೂರ್ವಕ್ಕೆ. ಗಾಳಿಗೆ ಎದೆಯೊಡ್ಡುವ ಬದಲು ಅದಕ್ಕೆ ಬೆನ್ನು ಕೊಟ್ಟು, ಭೂಮಿಯನ್ನು ಇಡೀ ಒಂದು ಸುತ್ತು ಹಾಕಿ ಮನೆಗೆ. ನಾನು ಭೂಪ್ರದಕ್ಷಿಣೆ ಮಾಡಿದೆ ಎನ್ನುವುದು ಯುರೋಪ್ ದಾಟುವ ತನಕ ನನಗೇ ಹೊಳೆದಿರಲಿಲ್ಲ. ಮೆಗೆಲನ್ನನ ತಂಡದಲ್ಲಿ ಉಳಿದು ಬಂದವರು 1522ರ ಜುಲೈಯಲ್ಲಿ ಕೇಪ್ ವರ್ಡೆ ದ್ವೀಪಕ್ಕೆ ಬಂದಾಗ ತಾವು ದಿನ ತಪ್ಪದೆ ಬರೆದ ಪಂಚಾಂಗದಲ್ಲಿ ಬುಧವಾರ, ದಡದವರ ಬಾಯಲ್ಲಿ ಗುರುವಾರ ಎಂದು ಕೇಳಿ ಬೆಚ್ಚಿದರಂತೆ. ಅವರು ಪಶ್ಚಿಮಕ್ಕೆ ಸುತ್ತಿ ಒಂದು ದಿನ ಕಳೆದುಕೊಂಡವರು. ಪೂರ್ವಕ್ಕೆ ಸುತ್ತಿದ ನನಗೆ ಒಂದು ದಿನ ಲಾಭವಾಗಿರಬೇಕು. ಎಲ್ಲಿ ಬಂತು ಎಂದು ಹುಡುಕಿದರೆ, ಪೆಸಿಫಿಕ್‌ನ ಮೇಲೆ ಆ ಅವಸರದ ಹಗಲಿನಲ್ಲೇ ಬಂದು ಖರ್ಚೂ ಆಗಿತ್ತು.

ಮನೆ ತಲುಪಿ ಮಲಗಿ ಎದ್ದು ಅಮ್ಮನಿಗೆ ಫೋನ್ ಮಾಡಿದೆ. ಕರವಸ್ತ್ರ ಕೈಯಲ್ಲೇ ಇತ್ತು. ನೇರ ದಾರಿ ಬೇರೆ, ಹಾರಿದ ದಾರಿ ಬೇರೆ, 16,700ನ್ನು 18.75ರಿಂದ ಭಾಗಿಸಿ ಎಂದೆ.

"890. ಇನ್ನೂ ಹತ್ತು ಬಾಕಿ."

ಆ ಹದಿನೆಂಟೂ ಮುಕ್ಕಾಲು ಗಂಟೆ ಆಕಾಶದ ಹೊತ್ತಲ್ಲ, ನಿಂತ ಜಾಗದಿಂದ ವಿಮಾನ ಕದಲಿದ ಕ್ಷಣದಿಂದ ಇನ್ನೊಂದು ಕಡೆ ನಿಲ್ಲುವವರೆಗಿನ ಹೊತ್ತು ಎಂದೆ. ವಿಮಾನದವರ ಭಾಷೆಯಲ್ಲಿ ಬ್ಲಾಕ್ ಟೈಮ್. ಅದರಲ್ಲಿ ರನ್‌ವೇ ಮುಂದೆ ಸರತಿ ನಿಲ್ಲುವುದಿದೆ, ನಿಧಾನವಾಗಿ ಏರಿ ಇಳಿಯುವುದಿದೆ, ತಡವಾದರೆ ಇರಲಿ ಎಂದು ಕಂಪನಿಯವರು ಮೊದಲೇ ಸೇರಿಸಿಟ್ಟುಕೊಳ್ಳುವ ನಿಮಿಷಗಳಿವೆ.

"ಸರಿ. ಹತ್ತು ಅಲ್ಲಿ ಹೋಯಿತು ಎಂದಿಟ್ಟುಕೊಳ್ಳೋಣ. ಗಾಳಿ ನೂರು ಕೊಟ್ಟಿತು ಎಂದೆಯಲ್ಲ, 1,010 ನೋಡಿದೆ ಎಂದೆಯಲ್ಲ. ಅದು ಯಾವ ಖಾತೆಗೆ ಹೋಯಿತು?"

ಕರವಸ್ತ್ರ ತಿರುಗಿಸಿ ನೋಡಿದೆ. ಆ ಬದಿ ಖಾಲಿ. ಗಾಳಿ ದಾರಿಯುದ್ದಕ್ಕೂ ಇರುವುದಿಲ್ಲ, ಸಮಭಾಜಕದ ಹತ್ತಿರ ಮೊದಲ ಕೆಲವು ಗಂಟೆ ಏನೂ ಸಿಗಲಿಲ್ಲ ಎಂದು ಶುರು ಮಾಡಿದೆ.

"ತಡಿ, ಪೆನ್ನು ತರುತ್ತೇನೆ" ಎಂದರು ಅಮ್ಮ. "ಎಷ್ಟು ಗಂಟೆ ಇತ್ತು, ಎಷ್ಟು ಗಂಟೆ ಇರಲಿಲ್ಲ, ಬಿಡಿಸಿ ಹೇಳು."